ಬಸುರಿಯ ಹತ್ತಿರ ಲೆಕ್ಕ ಕೇಳಬೇಡಿ: ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳಿಗೆ ನಮಸ್ಕಾರಗಳು.

ನಾನು ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ. ಸರ್ಕಾರದ ಕಾಗದದಲ್ಲಿ ಆ ಹೆಸರು, ಊರಿನವರ ಬಾಯಲ್ಲಿ ಬರೀ ‘ಸಿಸ್ಟರ್’. ಕಲ್ಯಾಣ ಕರ್ನಾಟಕದ ಒಂದು ತಾಲೂಕಿನಲ್ಲಿ 31 ವರ್ಷ ಕೆಲಸ ಮಾಡಿದ್ದೇನೆ. ಎಷ್ಟು ಹೆರಿಗೆ ಮಾಡಿಸಿದೆ ಎಂಬ ಲೆಕ್ಕ ನನ್ನ ಹತ್ತಿರ ಇಲ್ಲ. ಆದರೆ ಬಸುರಿಯರಿಗೆ ಅಂತ ಬಂದ ಯೋಜನೆಗಳು ಎಷ್ಟು ಸಲ ಬದಲಾದವು, ಪ್ರತಿ ಸಲ ಯಾರು ಹೊರಗೆ ಉಳಿದರು ಅನ್ನೋದು ಚೆನ್ನಾಗಿ ನೆನಪಿದೆ. ಅದನ್ನೇ ಹೇಳಬೇಕು ಅಂತ ಈ ಪತ್ರ ಬರೆಯುತ್ತಿದ್ದೇನೆ.

ಇಲಾಖೆಯಲ್ಲಿದ್ದಾಗ ಹೇಳಬಹುದಿತ್ತಲ್ಲ ಅಂತ ಯಾರಾದರೂ ಕೇಳಬಹುದು. ಹೇಳಿದ್ದೇವೆ. ಪ್ರತಿ ತಿಂಗಳ ಮೀಟಿಂಗ್‌ನಲ್ಲಿ ಹೇಳಿದ್ದೇವೆ. ‘ಗೈಡ್‌ಲೈನ್ ಹಾಗಿದೆ, ನಾವೇನು ಮಾಡೋಕಾಗುತ್ತೆ’ ಅನ್ನೋ ಉತ್ತರ ಸಿಗುತ್ತಿತ್ತು. ಹಾಗೆ ಹೇಳಿದ ಅಧಿಕಾರಿಗಳ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈಯಲ್ಲೂ ಏನಿರಲಿಲ್ಲ. ಆ ಗೈಡ್‌ಲೈನ್ ಬದಲಿಸುವ, ಇಲ್ಲವೇ ಅದು ಬಿಟ್ಟುಹೋದ ಜಾಗವನ್ನು ರಾಜ್ಯದ ದುಡ್ಡಿನಿಂದ ತುಂಬುವ ಶಕ್ತಿ ನಿಮಗಿದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಮೊದಲು ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ.

2022ರ ಕೊನೆ. ನನ್ನ ನಿವೃತ್ತಿಗೆ ಕೆಲವೇ ತಿಂಗಳು ಬಾಕಿ. ಒಂದು ಮಧ್ಯಾಹ್ನ ನಮ್ಮ ಆರೋಗ್ಯ ಉಪಕೇಂದ್ರದ ಕಟ್ಟೆಯ ಮೇಲೆ ಒಬ್ಬಳು ಬಂದು ಕೂತಳು. ಪಕ್ಕದಲ್ಲಿ ಎರಡು ಹೆಣ್ಣುಮಕ್ಕಳು. ದೊಡ್ಡದಕ್ಕೆ ನಾಲ್ಕು ವರ್ಷ, ಸಣ್ಣದಕ್ಕೆ ಎರಡು. ಆಕೆಗೆ ಏಳು ತಿಂಗಳು. ಗಂಡ ಹೆಂಡತಿ ಕಬ್ಬು ಕಡಿಯೋಕೆ ಗುಳೆ ಹೋಗಿದ್ದರು. ಸುಸ್ತು ತಡೆಯೋಕಾಗದೆ ಆಕೆ ಮಕ್ಕಳನ್ನು ಕರೆದುಕೊಂಡು ವಾಪಸ್ ಬಂದಿದ್ದಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಕೆಂಪಗಿರಬೇಕಾದ ಜಾಗ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಬೆರಳು ಚುಚ್ಚಿ ರಕ್ತದ ಹಿಮೋಗ್ಲೋಬಿನ್ ನೋಡಿದರೆ 6.2. ಬಸುರಿಗೆ ಕನಿಷ್ಠ 11 ಇರಬೇಕು. 7ಕ್ಕಿಂತ ಕೆಳಗೆ ಇಳಿಯಿತು ಅಂದರೆ ತಾಯಿ ಜೀವಕ್ಕೇ ಅಪಾಯ.

ಏನು ತಿಂದೆ ಅಂತ ಕೇಳಿದೆ. ಬೆಳಗ್ಗೆ ಚಹಾ, ಆಮೇಲೆ ರೊಟ್ಟಿ, ಖಾರ. ಬೇಳೆ? ವಾರಕ್ಕೊಮ್ಮೆ. ಮೊಟ್ಟೆ? ಸುಮ್ಮನೆ ನಕ್ಕಳು.

‘ಮೊದಲನೇ ಬಸುರಿಯಲ್ಲಿ ರೊಕ್ಕ ಬಂದಿತ್ತಾ?’ ಅಂತ ಕೇಳಿದೆ. ರೊಕ್ಕ ಅಂದರೆ ಬಸುರಿಯರಿಗೆ ಕೇಂದ್ರ ಸರ್ಕಾರ ಕೊಡುವ ಮಾತೃ ವಂದನಾ ಯೋಜನೆಯ ಹಣ. ಬಂದಿರಲಿಲ್ಲ. ಆಗ ಗಂಡನ ಆಧಾರ್ ಕೂಡ ಕೊಡಬೇಕಿತ್ತು. ಅದರಲ್ಲಿದ್ದ ಹೆಸರಿಗೂ ಬೇರೆ ಕಾಗದದಲ್ಲಿದ್ದ ಹೆಸರಿಗೂ ತಾಳೆ ಆಗಲಿಲ್ಲ. ಸರಿ ಮಾಡಿಸೋಕೆ ಎರಡು ಸಲ ತಾಲೂಕಿಗೆ ಹೋದರು. ಎರಡು ದಿನದ ಕೂಲಿ ಹೋಯಿತು, ಮೂರನೇ ಸಲ ಹೋಗಲಿಲ್ಲ. ಎರಡನೇ ಮಗು ಹುಟ್ಟುವ ಹೊತ್ತಿಗೆ ಯೋಜನೆ ಮೊದಲ ಮಗುವಿಗೆ ಮಾತ್ರ ಇತ್ತು. ಈಗ ಮೂರನೆಯದು. ಮೂರನೆಯದಕ್ಕೆ ಏನೂ ಇಲ್ಲ. ಆಸ್ಪತ್ರೆಯಲ್ಲಿ ಹೆತ್ತರೆ ಜನನಿ ಸುರಕ್ಷೆಯ 700 ರೂಪಾಯಿ ಸಿಗುತ್ತದೆ ಅಷ್ಟೇ. ಅದೂ ಹೆರಿಗೆ ಆದ ಮೇಲೆ.

ಇದನ್ನೆಲ್ಲ ಆಕೆಗೆ ಹೇಳುವುದು ನನ್ನ ಕೆಲಸ. ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, ‘ಸಿಸ್ಟರ್, ಹೊಟ್ಟ್ಯಾಗಿನ ಕೂಸಿಗೆ ತಾನು ಎಷ್ಟನೇದು ಅಂತ ಗೊತ್ತಿರ್ತೈತೇನ್ರಿ?’

ನನಗೆ ಉತ್ತರ ಹೊಳೆಯಲಿಲ್ಲ. ಆಂಬುಲೆನ್ಸ್ ಕರೆಸಿದೆ. ತಾಲೂಕು ಆಸ್ಪತ್ರೆಯಲ್ಲಿ ಆಕೆಯ ಗುಂಪಿನ ರಕ್ತ ಇರಲಿಲ್ಲ. ಅಲ್ಲಿಂದ ಜಿಲ್ಲೆಗೆ ಕಳಿಸಿದರು. ಎರಡು ಬಾಟಲಿ ರಕ್ತ ಕೊಟ್ಟರು. ಆಕೆ ಉಳಿದಳು. ಮಗುವೂ ಉಳಿಯಿತು, ಹುಟ್ಟಿದಾಗ ಒಂದು ಕಿಲೋ ಒಂಬೈನೂರು ಗ್ರಾಂ ತೂಕ. ಇದು ಚೆನ್ನಾಗಿ ಮುಗಿದ ಕಥೆ ಅಂತಲೇ ನಮ್ಮ ರಿಜಿಸ್ಟರ್ ಹೇಳುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥ ಹಣವೇ ಇರಲಿಲ್ಲ. 1995ರಲ್ಲಿ ರಾಷ್ಟ್ರೀಯ ಹೆರಿಗೆ ಸಹಾಯಧನ ಬಂತು. ಮೊದಲು 300 ರೂಪಾಯಿ, ಆಮೇಲೆ 500 ಆಯಿತು. ಆ ಕಾಲಕ್ಕೆ ಅದು ಸಣ್ಣ ಮೊತ್ತ ಆಗಿರಲಿಲ್ಲ. ಅದರ ಉದ್ದೇಶ ಬಡ ಬಸುರಿಯ ಹೊಟ್ಟೆಗೆ ಊಟ. ಆದರೆ ಮೊದಲ ಎರಡು ಹೆರಿಗೆಗೆ ಮಾತ್ರ, 19 ವರ್ಷ ತುಂಬಿದವರಿಗೆ ಮಾತ್ರ ಅನ್ನೋ ಷರತ್ತು ಜೊತೆಗೇ ಬಂತು. 2005ರಲ್ಲಿ ಅದು ಜನನಿ ಸುರಕ್ಷಾ ಯೋಜನೆ ಆಯಿತು. ಹಣದ ಉದ್ದೇಶವೂ ಬದಲಾಯಿತು. ಊಟಕ್ಕೆ ಅಂತ ಇದ್ದದ್ದು ಆಸ್ಪತ್ರೆಗೆ ಬಂದು ಹೆತ್ತದ್ದಕ್ಕೆ ಕೊಡುವ ಹಣ ಆಯಿತು. ಆಸ್ಪತ್ರೆ ಹೆರಿಗೆ ಜಾಸ್ತಿ ಆಯಿತು ನಿಜ. ಅದರಿಂದ ಎಷ್ಟೋ ಜೀವ ಉಳಿಯಿತು, ನಾನೇ ನೋಡಿದ್ದೇನೆ. ಆದರೆ ಬಸುರಿಯ ಒಂಬತ್ತು ತಿಂಗಳ ಊಟ ಯೋಜನೆಯಿಂದ ಕಳಚಿಕೊಂಡಿತು.

2007ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆಹಾರದ ಹಕ್ಕಿನ ಪ್ರಕರಣದಲ್ಲಿ ಒಂದು ಆದೇಶ ಕೊಟ್ಟಿತು. ಬಡತನ ರೇಖೆಯ ಕೆಳಗಿನ ಪ್ರತಿ ಬಸುರಿಗೂ ಹೆರಿಗೆಗೆ 8ರಿಂದ 12 ವಾರ ಮುಂಚೆಯೇ ಆ 500 ರೂಪಾಯಿ ಕೊಡಬೇಕು, ಎಷ್ಟನೇ ಮಗು, ತಾಯಿಗೆ ಎಷ್ಟು ವಯಸ್ಸು ಅಂತ ನೋಡಬಾರದು ಅಂತ. ಕಟ್ಟೆಯ ಮೇಲೆ ಕೂತ ಆ ಹೆಣ್ಣುಮಗಳ ಪ್ರಶ್ನೆಗೆ ದೇಶದ ದೊಡ್ಡ ಕೋರ್ಟು 15 ವರ್ಷ ಮೊದಲೇ ಉತ್ತರ ಕೊಟ್ಟಿತ್ತು. ಅದು ನಮ್ಮ ಉಪಕೇಂದ್ರದ ತನಕ ಬರಲೇ ಇಲ್ಲ.

2013ರಲ್ಲಿ ಆಹಾರ ಭದ್ರತಾ ಕಾಯ್ದೆ ಬಂತು. ಅದರ 4ನೇ ಸೆಕ್ಷನ್ ಓದಿದರೆ ಸ್ಪಷ್ಟವಾಗಿದೆ. ಸರ್ಕಾರಿ ನೌಕರಿಯಲ್ಲಿರುವವರನ್ನು, ಬೇರೆ ಕಾನೂನಿನಿಂದ ಇಂಥದೇ ಸೌಲಭ್ಯ ಪಡೆಯುವವರನ್ನು ಬಿಟ್ಟು, ಪ್ರತಿ ಬಸುರಿ, ಬಾಣಂತಿಗೆ 6,000 ರೂಪಾಯಿಗೆ ಕಡಿಮೆ ಇಲ್ಲದಷ್ಟು ಹೆರಿಗೆ ಸಹಾಯ. ಮೊದಲ ಮಗುವಿಗೆ ಮಾತ್ರ ಅಂತ ಆ ಸೆಕ್ಷನ್‌ನಲ್ಲಿ ಬರೆದಿಲ್ಲ. ನಾವು ಖುಷಿಪಟ್ಟೆವು. ನಾಲ್ಕು ವರ್ಷ ಕಾದೆವು. 2017ರ ಜನವರಿಯಿಂದ ಜಾರಿಗೆ ಬಂದ ಮಾತೃ ವಂದನಾ ಯೋಜನೆಯಲ್ಲಿ 6,000 ಹೋಗಿ 5,000 ಆಗಿತ್ತು. ಉಳಿದದ್ದನ್ನು ಜನನಿ ಸುರಕ್ಷೆಯ ಹಣದ ಜೊತೆ ಸೇರಿಸಿ ಲೆಕ್ಕ ಹಾಕಿಕೊಳ್ಳಿ ಅಂದರು. ಪ್ರತಿ ಬಸುರಿ ಅನ್ನೋದು ಮೊದಲ ಮಗುವಿನ ತಾಯಿ ಮಾತ್ರ ಅಂತ ಆಗಿತ್ತು. ಮೂರು ಕಂತು, ಪ್ರತಿ ಕಂತಿಗೂ ಒಂದು ಅರ್ಜಿ, ಪ್ರತಿ ಅರ್ಜಿಗೂ ಜೆರಾಕ್ಸ್ ಪ್ರತಿಗಳು.

2022ರಲ್ಲಿ ಮತ್ತೆ ಬದಲಾಯಿತು. ಒಳ್ಳೆಯದನ್ನೂ ಹೇಳಬೇಕು. ಮೂರು ಕಂತು ಎರಡಾಯಿತು, ಮೊದಲು 3,000, ಆಮೇಲೆ 2,000. ಗಂಡನ ಆಧಾರ್ ಕೇಳುವುದು ನಿಂತಿತು. ಗಂಡ ಬಿಟ್ಟುಹೋದವರಿಗೆ, ಗಂಡ ಸತ್ತವರಿಗೆ ಅದು ಎಷ್ಟು ದೊಡ್ಡ ಸಮಾಧಾನ ಅಂತ ನನಗೆ ಗೊತ್ತು. ಎರಡನೇ ಮಗು ಹೆಣ್ಣಾದರೆ 6,000 ರೂಪಾಯಿ ಅಂತಲೂ ಸೇರಿಸಿದರು.

ಹೆಣ್ಣುಮಗು ಹುಟ್ಟಿದಾಗ ಮನೆಯವರು ಮುಖ ಸಪ್ಪೆ ಮಾಡಬಾರದು ಅನ್ನೋ ಆಸೆಯಿಂದ ಈ ನಿಯಮ ಮಾಡಿದ್ದಾರೆ. ಆ ಆಸೆ ನನಗೂ ಇದೆ. ಆದರೆ ಎರಡನೇ ಸಲ ಬಸುರಾದವಳ ಜಾಗದಲ್ಲಿ ನಿಂತು ನೋಡಿ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಯಾರಿಗೂ ಗೊತ್ತಿಲ್ಲ, ಗೊತ್ತಾಗಲೂಬಾರದು, ಪತ್ತೆ ಮಾಡುವುದು ಕಾನೂನಿನ ಪ್ರಕಾರ ಅಪರಾಧ. ಹಾಗಾಗಿ ಬಸುರಿಯ ಒಂಬತ್ತು ತಿಂಗಳು ಆಕೆಗೆ ಒಂದು ರೂಪಾಯಿ ಇಲ್ಲ. ಹೆತ್ತ ಮೇಲೆ ಹೆಣ್ಣಾದರೆ ಹಣ, ಗಂಡಾದರೆ ಇಲ್ಲ. ಎರಡೂ ಕಡೆ ರಕ್ತ ಹೋದದ್ದು ಒಂದೇ, ನೋವು ಒಂದೇ, ಹಾಲುಣಿಸುವ ಮೈಗೆ ಬೇಕಾದ ಊಟ ಒಂದೇ. ತಾಯಿಯ ಆರೋಗ್ಯಕ್ಕೆ ಅಂತ ಕೊಡುವ ಹಣ ಮಗುವಿನ ಲಿಂಗ ನೋಡಿ ಯಾಕೆ ಬರಬೇಕು?

ಮೊತ್ತದ ವಿಷಯಕ್ಕೆ ಬರುತ್ತೇನೆ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. 5,000 ರೂಪಾಯಿ ಅಂದರೆ ಸುಮಾರು ಹದಿಮೂರೂವರೆ ದಿನದ ಕೂಲಿ. ಕಂಪನಿಯಲ್ಲೋ ಕಚೇರಿಯಲ್ಲೋ ಕೆಲಸ ಮಾಡುವ ಹೆಣ್ಣುಮಗಳಿಗೆ 2017ರ ತಿದ್ದುಪಡಿಯಿಂದ 26 ವಾರ ಸಂಬಳ ಸಹಿತ ರಜೆ ಸಿಕ್ಕಿದೆ. 182 ದಿನ. ಅದು ಆಕೆಯ ಹಕ್ಕು, ಸಿಗಲೇಬೇಕು. ಆದರೆ ಗದ್ದೆಯಲ್ಲಿ ಬಗ್ಗಿ ಕಳೆ ಕೀಳುವವಳು, ಇಟ್ಟಿಗೆ ಹೊರುವವಳು, ಬೇರೆಯವರ ಮನೆ ಪಾತ್ರೆ ತೊಳೆಯುವವಳು ಹದಿಮೂರೂವರೆ ದಿನದಲ್ಲಿ ಬಸುರಿ, ಬಾಣಂತನ ಎರಡನ್ನೂ ಮುಗಿಸಬೇಕು ಅಂದರೆ ಹೇಗೆ? ಹೆತ್ತು ಇಪ್ಪತ್ತನೇ ದಿನಕ್ಕೆ ಕೆಲಸಕ್ಕೆ ಹೋದವರನ್ನು ನಾನು ನೋಡಿದ್ದೇನೆ. ಮಗುವನ್ನು ಬದುವಿನ ಮೇಲೆ ಗಿಡದ ನೆರಳಲ್ಲಿ ಮಲಗಿಸಿ, ಹಾಲು ಕಟ್ಟಿಕೊಂಡ ಎದೆ ನೋಯುತ್ತಿದ್ದರೂ ಸಾಲು ಮುಗಿಯುವ ತನಕ ಎದ್ದು ಬರೋಕಾಗದೆ ಇದ್ದವರು ಅವರು. ‘ಆರು ತಿಂಗಳು ಬರೀ ಎದೆಹಾಲು ಕೊಡಿ’ ಅಂತ ಅವರಿಗೆ ಹೇಳುವಾಗ ನನಗೆ ತುಂಬ ಸಂಕಟ ಆಗುತ್ತಿತ್ತು. ಹೇಳುವುದು ಸರಿ ಇತ್ತು. ಅದನ್ನು ಪಾಲಿಸೋಕೆ ಬೇಕಾದ ರಜೆಯನ್ನು ನಾವು ಅವರಿಗೆ ಕೊಟ್ಟಿರಲಿಲ್ಲ.

ಇನ್ನು ಕಾಗದದ ವಿಷಯ. ಹೊರಗಿನವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ನಮಗೆ ಅರ್ಧ ಕೆಲಸವೇ ಇದು.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಲ್ಲಿ ಆಗುತ್ತೆ ಅಲ್ವಾ? ಮದುವೆಯಾದ ವರ್ಷದಲ್ಲೇ ಎಷ್ಟೋ ಹುಡುಗಿಯರು ಬಸುರಾಗುತ್ತಾರೆ. ಆಧಾರ್‌ನಲ್ಲಿ ಅಪ್ಪನ ಹೆಸರು, ತವರಿನ ವಿಳಾಸ. ತವರಿನ ರೇಷನ್ ಕಾರ್ಡಿನಿಂದ ಹೆಸರು ತೆಗೆಸಿರುತ್ತಾರೆ, ಗಂಡನ ಮನೆಯ ಕಾರ್ಡಿಗೆ ಇನ್ನೂ ಸೇರಿಸಿರುವುದಿಲ್ಲ. ಸೇರಿಸೋಕೆ ಹೋದರೆ ಸರ್ವರ್ ಇಲ್ಲ, ಇಲ್ಲವೇ ಸದ್ಯಕ್ಕೆ ನಿಲ್ಲಿಸಿದ್ದಾರೆ. ಬಸುರಿಯ ಹೆಸರು, ತಪಾಸಣೆ ಬರೆದಿಡುವ ತಾಯಿ ಕಾರ್ಡ್ ಮಾಡಿಸಿದ್ದು ಗಂಡನ ಊರಲ್ಲಿ, ಏಳನೇ ತಿಂಗಳಿಗೆ ಸೀಮಂತ ಮುಗಿಸಿ ಹೋದದ್ದು ತವರಿಗೆ. ಅಲ್ಲಿಯ ಅಂಗನವಾಡಿ ಕಾರ್ಯಕರ್ತೆ ‘ಇದು ನಮ್ಮ ಲಿಸ್ಟಲ್ಲಿಲ್ಲ’ ಅಂತಾಳೆ, ಇಲ್ಲಿಯವಳು ‘ಆಕೆ ಇಲ್ಲಿಲ್ಲ’ ಅಂತಾಳೆ. ಇಬ್ಬರದೂ ತಪ್ಪಿಲ್ಲ. ಓಟಿಪಿ ಬರುವುದು ಗಂಡನ ಮೊಬೈಲಿಗೆ, ಗಂಡ ಬೆಂಗಳೂರಿನಲ್ಲೋ ಗೋವಾದಲ್ಲೋ ಗಾರೆ ಕೆಲಸದಲ್ಲಿ. ಸಬೂಬು ಅಂತ ಯಾರೂ ಅಂದುಕೊಳ್ಳಬೇಡಿ. ವಾರಕ್ಕೊಂದಾದರೂ ಇಂಥದ್ದು ನನ್ನ ಮುಂದೆ ಬರುತ್ತಿತ್ತು.

ಈಗ ಇನ್ನೊಂದು ಸುಧಾರಣೆ ಬಂದಿದೆ. 2025ರ ಜುಲೈಯಿಂದ ಅಂಗನವಾಡಿಯಲ್ಲಿ ಮನೆಗೆ ಕೊಡುವ ಆಹಾರ ಪಡೆಯೋಕೆ ಮೊಬೈಲ್ ಮುಂದೆ ಮುಖ ತೋರಿಸಬೇಕು. ಮುಖ ಹೊಂದಿಕೆಯಾದರೆ ಆಹಾರ. ಸೋರಿಕೆ ತಡೆಯೋಕೆ ಅಂತ ಹೇಳುತ್ತಾರೆ. ಸೋರಿಕೆ ಇದ್ದದ್ದು ಸುಳ್ಳಲ್ಲ. ಆದರೆ ಬಸುರಿಯಲ್ಲಿ ಮುಖ ಬಾತುಕೊಳ್ಳುತ್ತದೆ, ರಕ್ತ ಕಡಿಮೆಯಾದರೆ ಸೊರಗುತ್ತದೆ. ಆಧಾರ್‌ನಲ್ಲಿರುವುದು ಎಷ್ಟೋ ವರ್ಷದ ಹಿಂದಿನ ಫೋಟೊ. ನೆಟ್‌ವರ್ಕ್ ಸಿಗದ ತಾಂಡಾಗಳಲ್ಲಿ ಕಾರ್ಯಕರ್ತೆ ಮೊಬೈಲ್ ಹಿಡಿದು ಗುಡ್ಡ ಹತ್ತಬೇಕು. ಹಿಟ್ಟು, ಬೆಲ್ಲ, ಮೊಟ್ಟೆ ಕೊಡುವುದಕ್ಕೆ ಇಷ್ಟೊಂದು ಪರೀಕ್ಷೆ ಬೇಕಾ?

ಕಾಗದ ಇಲ್ಲ ಅನ್ನುವುದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ನಮ್ಮ ರಾಜ್ಯ ಈಗಾಗಲೇ ನೋಡಿದೆ. 2022ರ ನವೆಂಬರ್ ಮೊದಲ ವಾರ, ತುಮಕೂರು. ತುಂಬು ಬಸುರಿಯೊಬ್ಬಳು ನೋವು ತಿನ್ನುತ್ತ ಆಸ್ಪತ್ರೆಗೆ ಹೋದಳು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಅಂತ ದಾಖಲು ಮಾಡಿಕೊಳ್ಳಲಿಲ್ಲ ಎಂಬ ಆರೋಪ ಬಂತು. ಮನೆಗೆ ವಾಪಸ್ ಹೋದಳು. ಅಲ್ಲೇ ಅವಳಿ ಮಕ್ಕಳಿಗೆ ಹೆರಿಗೆ ಆಗಿ ಮೂವರೂ ಸತ್ತರು. ಸಿಬ್ಬಂದಿ ಅಮಾನತಾದರು, ತುರ್ತು ಇದ್ದಾಗ ಯಾವ ದಾಖಲೆಯನ್ನೂ ಕೇಳಬಾರದು ಅಂತ ಸರ್ಕಾರ ಹೇಳಿತು. ಅಮಾನತಾದವರನ್ನು ನಾನು ಸಮರ್ಥಿಸುವುದಿಲ್ಲ. ನೋವು ತಿನ್ನುವವಳನ್ನು ಬಾಗಿಲಿಂದ ಕಳಿಸುವುದಕ್ಕೆ ಕ್ಷಮೆ ಇಲ್ಲ. ಆದರೆ ಒಂದು ಮಾತು ಒಳಗಿನವಳಾಗಿ ಹೇಳುತ್ತೇನೆ. ವರ್ಷಾನುಗಟ್ಟಲೆ ‘ಕಾರ್ಡ್ ಎಲ್ಲಿ, ನಂಬರ್ ಎಲ್ಲಿ, ಎಂಟ್ರಿ ಆಯ್ತಾ’ ಅಂತ ಮೇಲಿನಿಂದ ಕೇಳುತ್ತ ಹೋದರೆ, ಬಾಗಿಲಲ್ಲಿ ನಿಂತವರ ಬಾಯಿಗೆ ಮೊದಲು ಬರುವುದು ಅದೇ ಪ್ರಶ್ನೆ. ‘ಏನಮ್ಮ, ನೋವು ಯಾವಾಗಿಂದ?’ ಅನ್ನೋದು ಆಮೇಲೆ ಬರುತ್ತದೆ.

ನಿಮ್ಮ ಸರ್ಕಾರದ ಯೋಜನೆಗಳ ಬಗ್ಗೆಯೂ ಹೇಳಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಪಾಸಣೆಗೆ ಹೋಗೋದು ಎಷ್ಟು ಸಲೀಸಾಯಿತು ಅಂತ ನಮ್ಮ ಕಡೆಯ ಹೆಂಗಸರು ಈಗಲೂ ಹೇಳುತ್ತಾರೆ. ಮೊದಲು ಅತ್ತೆಯ ಹತ್ತಿರ ಬಸ್ ಚಾರ್ಜು ಕೇಳಬೇಕಿತ್ತು. ಕೇಳೋಕೆ ಸಂಕೋಚಪಟ್ಟು ತಪಾಸಣೆ ತಪ್ಪಿಸುತ್ತಿದ್ದರು. ಈಗ ಆ ಮಾತಿಲ್ಲ. ನಿಜವಾಗಿ ಕೈಮುಗಿಯಬೇಕಾದ ಕೆಲಸ. ಅದಕ್ಕೆ ಅರ್ಜಿ ಇಲ್ಲ, ಎಷ್ಟನೇ ಮಗು ಅಂತ ಕಂಡಕ್ಟರ್ ಕೇಳುವುದಿಲ್ಲ. ಅದಕ್ಕೇ ಅದು ಎಲ್ಲರಿಗೂ ಮುಟ್ಟಿತು.

ಗೃಹಲಕ್ಷ್ಮಿಯ 2,000 ರೂಪಾಯಿಯೂ ಎಷ್ಟೋ ಮನೆಯ ಒಲೆ ಉರಿಸಿದೆ. ಆದರೆ ಅದು ರೇಷನ್ ಕಾರ್ಡಿನ ಯಜಮಾನಿಗೆ ಹೋಗುತ್ತದೆ. ಕೂಡು ಕುಟುಂಬದಲ್ಲಿ ಯಜಮಾನಿ ಅಂದರೆ ಅತ್ತೆ. ಬಸುರಿ ಇರುವುದು ಸೊಸೆ. ಒಳ್ಳೆಯ ಅತ್ತೆಯರು ಬೇಕಾದಷ್ಟು ಜನ ಇದ್ದಾರೆ, ಸೊಸೆಗೆ ಅಂತ ಹಾಲು, ಹಣ್ಣು ತಂದವರನ್ನು ನೋಡಿದ್ದೇನೆ. ಆದರೂ ತನ್ನ ಹೊಟ್ಟೆಗೆ ಬೇಕಾದ್ದನ್ನು ಇನ್ನೊಬ್ಬರ ಮರ್ಜಿಗೆ ಬಿಡಬೇಕಾದ ಜಾಗದಲ್ಲಿ ಸೊಸೆ ಇರಬಾರದು.

ಮಾತೃಪೂರ್ಣ 2017ರ ಗಾಂಧಿ ಜಯಂತಿಯಂದು ಶುರುವಾದಾಗ ನಾವೆಲ್ಲ ಸಂಭ್ರಮಪಟ್ಟೆವು. ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಅಲ್ಲಿ ಕೂತು ತಿಂದರೆ ಅದು ತಾಯಿಯ ಹೊಟ್ಟೆಗೇ ಹೋಗುತ್ತದೆ, ಮನೆಯಲ್ಲಿ ಹಂಚಿಹೋಗುವುದಿಲ್ಲ ಅನ್ನೋ ವಿಚಾರ ಒಳ್ಳೆಯದೇ. ಆದರೆ ಮಧ್ಯಾಹ್ನ ಊಟದ ಹೊತ್ತಿಗೆ ಕೂಲಿಯವಳು ಹೊಲದಲ್ಲಿರುತ್ತಾಳೆ. ಹೊಲದ ಮನೆಯಲ್ಲಿರುವವಳು ಎಂಟು ತಿಂಗಳ ಹೊಟ್ಟೆ ಹೊತ್ತು ಎರಡು ಕಿಲೋಮೀಟರ್ ನಡೆಯಬೇಕು. ಬಾಣಂತಿಯನ್ನು ಹಸಿ ಮೈಯಲ್ಲಿ ಹೊರಗೆ ಕಳಿಸುವುದಿಲ್ಲ ಅನ್ನುತ್ತಾರೆ ಮನೆಯ ಹಿರಿಯರು. ಎಲ್ಲರಿಗಿಂತ ಜಾಸ್ತಿ ಬೇಕಾದವಳೇ ಬರೋಕಾಗದೆ ಉಳಿದಳು.

ಇದರ ಫಲ ಅಂಕಿಯಲ್ಲಿ ಕಾಣುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದೆ. ಅದೇ ಸಮೀಕ್ಷೆಯಲ್ಲಿ ಬಸುರಿಯರಲ್ಲಿ ಶೇ 45.7ರಷ್ಟು ಜನರಿಗೆ ರಕ್ತಹೀನತೆ. ಐದು ವರ್ಷ ಮೊದಲೂ ಹೆಚ್ಚುಕಡಿಮೆ ಇಷ್ಟೇ ಇತ್ತು. ಹೆರಿಗೆಯ ಕೋಣೆ ತನಕ ಕರೆತರೋದು ನಮಗೆ ಸಾಧ್ಯವಾಯಿತು, ಅದಕ್ಕೆ ಮುಂಚಿನ ಒಂಬತ್ತು ತಿಂಗಳು ಹೊಟ್ಟೆ ತುಂಬಿಸೋದು ಆಗಲಿಲ್ಲ. ತಾಯಂದಿರ ಮರಣ ಕಡಿಮೆಯಾಗಿದೆ, ಅದಕ್ಕೆ ದುಡಿದವರಲ್ಲಿ ನಾನೂ ಒಬ್ಬಳು. ಆದರೂ 2018-20ರ ಲೆಕ್ಕದಲ್ಲಿ ಒಂದು ಲಕ್ಷ ಹೆರಿಗೆಗೆ ಕೇರಳದಲ್ಲಿ 19 ತಾಯಂದಿರು ಸತ್ತರೆ ನಮ್ಮಲ್ಲಿ 69. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಜಾಸ್ತಿ.

ಇನ್ನೊಂದು ವಿಷಯ, ಹೆಂಗಸರು ಮೆಲ್ಲಗೆ ಮಾತಾಡುವಂಥದ್ದು. ಆಪರೇಷನ್.

ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ 57.4ರಷ್ಟು ಜನ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಆಪರೇಷನ್ನಿನ ಸಾಲಿನಲ್ಲಿ ಇರುವುದು 0.0. ಗಂಡಸರದ್ದು ಸಣ್ಣ ಚಿಕಿತ್ಸೆ, ಹೊಟ್ಟೆ ಕೊಯ್ಯಬೇಕಿಲ್ಲ, ಅವತ್ತೇ ಮನೆಗೆ ಹೋಗಬಹುದು. ಆದರೂ ಒಬ್ಬ ಗಂಡಸನ್ನು ಒಪ್ಪಿಸೋಕೆ ನನ್ನಿಂದ ಆದದ್ದು ಕಡಿಮೆ. ಇದು ಮನೆಯ ವಿಷಯ ಮಾತ್ರ ಅಲ್ಲ. ಯೋಜನೆಗಳೂ ಆ ದಾರಿಯಲ್ಲೇ ತಳ್ಳಿದವು. 2006ರಲ್ಲಿ ಬಂದ ಭಾಗ್ಯಲಕ್ಷ್ಮಿ ಬಾಂಡ್ ನೆನಪಿದೆಯಲ್ಲ. ಹೆಣ್ಣುಮಗುವಿನ ಹೆಸರಲ್ಲಿ ಹಣ ಇಡುವ ಒಳ್ಳೆಯ ಯೋಜನೆ. ಆದರೆ ಅದರ ಜೊತೆ ಮಕ್ಕಳ ಸಂಖ್ಯೆಯ ಮಿತಿ ಇತ್ತು, ಅಪ್ಪ ಅಮ್ಮನಲ್ಲಿ ಒಬ್ಬರು ಆಪರೇಷನ್ ಮಾಡಿಸಿಕೊಂಡಿರಬೇಕು ಅನ್ನೋ ಷರತ್ತೂ ಇತ್ತು. ಒಬ್ಬರು ಅಂದರೆ ಯಾರು ಅಂತ ಹಳ್ಳಿಯಲ್ಲಿ ಯಾರೂ ಕೇಳಲಿಲ್ಲ. ಇಪ್ಪತ್ತೆರಡು, ಇಪ್ಪತ್ಮೂರು ವರ್ಷದ ಹುಡುಗಿಯರು ಬಂದು ಮಲಗಿದರು. ಅವರಲ್ಲಿ ಒಬ್ಬಳ ಮಗು ಆಮೇಲೆ ಜ್ವರದಿಂದ ತೀರಿಹೋಯಿತು. ‘ಸಿಸ್ಟರ್, ಅದನ್ನ ಬಿಚ್ಚೋಕೆ ಬರ್ತೈತೇನ್ರಿ?’ ಅಂತ ನನ್ನ ಮನೆ ತನಕ ಬಂದಿದ್ದಳು. ಆಕೆಯ ಮುಖ ಈಗಲೂ ಕಣ್ಣ ಮುಂದಿದೆ.

1996ರಲ್ಲಿ ದೇಶದಲ್ಲಿ ಕುಟುಂಬ ಯೋಜನೆಯ ಟಾರ್ಗೆಟ್ ತೆಗೆದುಹಾಕಿದರು. ಕಾಗದದಲ್ಲಿ ಹೋಯಿತು, ಮೀಟಿಂಗ್‌ನಲ್ಲಿ ‘ಈ ತಿಂಗಳು ಎಷ್ಟು’ ಅಂತ ಕೇಳೋದು ಹೋಗಲಿಲ್ಲ. 2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದಲ್ಲಿ ಶಿಬಿರದ ಆಪರೇಷನ್ ಆದ ಮೇಲೆ ಹದಿಮೂರು ಹೆಂಗಸರು ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದೊಳಗೆ ಇಂಥ ಶಿಬಿರಗಳನ್ನು ನಿಲ್ಲಿಸಬೇಕು ಅಂದಿತು. ಈಗ ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಇಂಜೆಕ್ಷನ್ ಇದೆ, ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ವಾರಕ್ಕೊಮ್ಮೆ ನುಂಗುವ ಛಾಯಾ ಮಾತ್ರೆ ಇದೆ, ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆದರೆ ಅವುಗಳ ಬಗ್ಗೆ ಕೂತು ಮಾತಾಡೋಕೆ ಸಮಯ ಬೇಕು. ಆ ಸಮಯವನ್ನು ಮೊಬೈಲ್ ಎಂಟ್ರಿಗಳು ತಿಂದುಬಿಟ್ಟಿವೆ. ಗರ್ಭಪಾತದ್ದೂ ಹೀಗೇ. 1971ರಿಂದ ಕಾನೂನು ಇದೆ, 2021ರ ತಿದ್ದುಪಡಿಯಲ್ಲಿ ಕೆಲವರಿಗೆ 24 ವಾರದ ತನಕ ಅವಕಾಶವೂ ಇದೆ. ಹಳ್ಳಿಯ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಆ ಸೇವೆ ಸಿಗದಿದ್ದಾಗ ಬಡವಳು ಮೆಡಿಕಲ್ ಶಾಪಿನ ಮಾತ್ರೆ ನುಂಗಿ, ರಕ್ತ ನಿಲ್ಲದೆ ನಮ್ಮ ಹತ್ತಿರ ಬರುತ್ತಾಳೆ.

ಪ್ರತಿ ಹೆರಿಗೆಗೂ ಹಣ ಕೊಟ್ಟರೆ ಜನ ಹಣಕ್ಕಾಗಿ ಮಕ್ಕಳು ಮಾಡಿಕೊಳ್ಳುತ್ತಾರೆ ಅಂತ ಹೇಳುವವರಿದ್ದಾರೆ. ದೊಡ್ಡ ಅಧಿಕಾರಿಯೊಬ್ಬರ ಬಾಯಲ್ಲೂ ಕೇಳಿದ್ದೇನೆ. 2019-21ರ ಆ ಸಮೀಕ್ಷೆಯ ಹೊತ್ತಿಗೇ ನಮ್ಮ ರಾಜ್ಯದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಮಕ್ಕಳ ಸಂಖ್ಯೆ 1.7ಕ್ಕೆ ಇಳಿದಿತ್ತು. ಐದಾರು ಸಾವಿರ ರೂಪಾಯಿಗಾಗಿ ಒಂಬತ್ತು ತಿಂಗಳು ಹೊತ್ತು, ಜೀವ ಪಣಕ್ಕಿಟ್ಟು ಹೆರುವ ಒಬ್ಬಳನ್ನೂ ನಾನು 31 ವರ್ಷದಲ್ಲಿ ನೋಡಿಲ್ಲ. ಮೂರನೇ ಸಲ ಬಸುರಾದವಳನ್ನು ಕೇಳಿ ನೋಡಿ. ಗಂಡುಮಗು ಬೇಕು ಅಂತ ಮನೆಯವರ ಒತ್ತಾಯ, ಇಲ್ಲವೇ ಮೊದಲಿನದು ಉಳಿಯಲಿಲ್ಲ, ಇಲ್ಲವೇ ಎರಡನೇ ಮದುವೆ, ಇಲ್ಲವೇ ಬೇಡ ಅಂದರೂ ಗಂಡ ಕೇಳಲಿಲ್ಲ. ತೀರ್ಮಾನ ಅವಳದ್ದಲ್ಲ, ದಂಡ ಮಾತ್ರ ಅವಳಿಗೆ. ವಯಸ್ಸಿನ ಷರತ್ತೂ ಹಾಗೇ. ಬಾಲ್ಯವಿವಾಹ ತಪ್ಪು, ನಾನೇ ಎಷ್ಟೋ ತಡೆಸಿದ್ದೇನೆ. ಆದರೆ ಹದಿನೇಳಕ್ಕೆ ಮದುವೆ ಮಾಡಿದ್ದು ಅಪ್ಪ ಅಮ್ಮ. ಆ ಹುಡುಗಿಯ ಎಳೆಯ ಮೈಗೆ ಉಳಿದೆಲ್ಲರಿಗಿಂತ ಜಾಸ್ತಿ ಆರೈಕೆ ಬೇಕು. ವಯಸ್ಸಾಗಿಲ್ಲ ಅಂತ ಅವಳ ಹೆಸರನ್ನೇ ಬರೆಯದೆ ಬಿಟ್ಟರೆ ಅವಳು ಅಡಗಿಕೊಳ್ಳುತ್ತಾಳೆ, ತಪಾಸಣೆಗೂ ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು ಅಂತ ಕೇಳಿದರೆ, ಪಕ್ಕದ ತಮಿಳುನಾಡು ನೋಡಿ. 1987ರಲ್ಲಿ ಶುರುವಾದ ಅವರ ಮುತ್ತುಲಕ್ಷ್ಮಿ ರೆಡ್ಡಿ ಹೆರಿಗೆ ಸಹಾಯ ಯೋಜನೆಯಲ್ಲಿ ಬಡ ತಾಯಿಗೆ ಪೌಷ್ಟಿಕ ಕಿಟ್ ಸೇರಿ 18,000 ರೂಪಾಯಿಯ ನೆರವು. ಅಲ್ಲೂ ಎರಡು ಹೆರಿಗೆಯ ಮಿತಿ ಇದೆ, ಅದು ನನಗೆ ಒಪ್ಪಿಗೆಯಿಲ್ಲ. ಆದರೆ ಕೇಂದ್ರ ಇಷ್ಟೇ ಕೊಡುತ್ತದೆ ಅಂತ ಆ ರಾಜ್ಯ ಕೈಕಟ್ಟಿ ಕೂರಲಿಲ್ಲ. ನಾವೂ ಕೂರಬೇಕಿಲ್ಲ. ತಾಯಿ ಕಾರ್ಡ್ ಆದ ತಿಂಗಳಿಂದಲೇ, ಎಷ್ಟನೇ ಮಗು, ಎಷ್ಟು ವಯಸ್ಸು, ಗಂಡೋ ಹೆಣ್ಣೋ ಅಂತ ಕೇಳದೆ, ಸಂಬಳದ ರಜೆ ಇಲ್ಲದ ಪ್ರತಿ ಬಸುರಿಯ ಖಾತೆಗೆ ತಿಂಗಳು ತಿಂಗಳು ಹಣ ಹಾಕಿ. ಹೆರಿಗೆಯಾಗಿ ಆರು ತಿಂಗಳ ತನಕ ಹಾಕಿ. ಯಜಮಾನಿಗೆ ಕೊಡುವ ಹಾಗೆಯೇ ಬಸುರಿಗೂ ಕೊಡಿ, ಅವಳ ಹೆಸರಿಗೇ ಕೊಡಿ. ಕಾನೂನಿನ 6,000 ರೂಪಾಯಿ 2013ರಿಂದ ಒಂದು ರೂಪಾಯಿಯೂ ಏರಿಲ್ಲ. ಅದನ್ನು ಕೂಲಿಯ ಜೊತೆ ಏರುವ ಹಾಗೆ ಮಾಡಿ ಅಂತ ಕೇಂದ್ರಕ್ಕೆ ನೀವು ಪತ್ರ ಬರೆಯಿರಿ.

ತಾಯಿ ಕಾರ್ಡ್ ರಾಜ್ಯದ ಯಾವ ಅಂಗನವಾಡಿಯಲ್ಲಾದರೂ, ಯಾವ ಆಸ್ಪತ್ರೆಯಲ್ಲಾದರೂ ನಡೆಯಲಿ. ತವರಿಗೆ ಹೋದವಳಿಗೂ ಗುಳೆ ಹೋದವಳಿಗೂ. ಕಾರ್ಡ್ ಇಲ್ಲದೆ ಬಂದರೆ ಅಲ್ಲೇ ಮಾಡಿಕೊಡಲಿ. ಮುಖ ಹೊಂದಲಿಲ್ಲ ಅಂತ ಯಾವ ಬಸುರಿಯೂ ಬರಿಗೈಯಲ್ಲಿ ಹೋಗಬಾರದು, ಕಾರ್ಯಕರ್ತೆ ಗುರುತಿಸಿದರೆ ಸಾಕು ಅಂತ ಆದೇಶ ಮಾಡಿ. ಊರಿನ ಪ್ರತಿ ಬಸುರಿಯ ಮುಖವೂ ಆಕೆಗೆ ಗೊತ್ತು. ಬರೋಕಾಗದವರಿಗೆ ಊಟ ಮನೆಗೆ ಮುಟ್ಟಲಿ. ಇನ್ನು ಮುಂದೆ ಯಾವ ಯೋಜನೆಯ ಅರ್ಜಿಯಲ್ಲೂ ಆಪರೇಷನ್ ಆಗಿದೆಯಾ ಎಂಬ ಸಾಲು ಇರಬಾರದು.

ಕೊನೆಯದಾಗಿ ಒಂದು ಕೋರಿಕೆ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಇರುತ್ತದೆ. ಮುಂದಿನ 9ಕ್ಕೆ ನಮ್ಮ ಕಡೆಯ ಯಾವುದಾದರೂ ಒಂದು ತಾಲೂಕು ಆಸ್ಪತ್ರೆಗೆ ಬನ್ನಿ. ಮುಂಚೆ ಹೇಳದೆ ಬನ್ನಿ, ಹೇಳಿದರೆ ಸುಣ್ಣ ಬಳಿದು ಕುರ್ಚಿ ಹಾಕಿಬಿಡುತ್ತಾರೆ. ಹೊರಗೆ ಗೋಡೆಗೆ ಒರಗಿ ಕೂತಿರುತ್ತಾರಲ್ಲ, ಅವರ ಹತ್ತಿರ ಹೋಗಿ ಎರಡೇ ಪ್ರಶ್ನೆ ಕೇಳಿ. ಬೆಳಗ್ಗೆ ಏನು ತಿಂದು ಬಂದೆ, ತಾಯಿ? ರೊಕ್ಕ ಬಂತಾ? ನಾನೂ ಅಲ್ಲೇ ಇರುತ್ತೇನೆ. ನಿವೃತ್ತಿಯಾದರೂ 9ನೇ ತಾರೀಖು ಮನೆಯಲ್ಲಿ ಕೂರೋಕಾಗುವುದಿಲ್ಲ.

ಇಂತಿ,
ಒಬ್ಬ ನಿವೃತ್ತ ಆರೋಗ್ಯ ಸಹಾಯಕಿ